ಮಲಾವಿ ಮೇಷ್ಟ್ರ ಆಧಾರ್ ನಂಬರ್

ಜಯನಗರ ಬಸ್ ನಿಲ್ದಾಣದಲ್ಲಿ ದೂರಶಿಕ್ಷಣ ಸಂಸ್ಥೆಯೊಂದರ ಅಧಿಕಾರಿ, ಅಂತರರಾಷ್ಟ್ರೀಯ ಸಹಕಾರಕ್ಕೆಂದು ಹೊದಿಸಿದ ಸನ್ಮಾನದ ಶಾಲನ್ನು ತೆಗೆಯದೆ ನಿಂತಿದ್ದ. ಪಕ್ಕದಲ್ಲಿ ಗುಮಾಸ್ತೆ ಕಾತ್ಯಾಯಿನಿ.

“ಸಾರ್, ನಮ್ಮಲ್ಲಿ ಓದ್ತಿರೋ ಆ ಮಲಾವಿ ಮೇಷ್ಟ್ರು ಮತ್ತೆ ಫೋನ್ ಮಾಡಿದ್ರು. ಪರೀಕ್ಷೆ ಫಾರಂಗೆ ಇವತ್ತೇ ಕೊನೇ ದಿನ.”

“ತುಂಬೋಕೇನು ರೋಗ?”

“ಆಧಾರ್ ನಂಬರ್ ಕೇಳುತ್ತೆ. ಆಫ್ರಿಕಾದವರು ಎಲ್ಲಿಂದ ತರ್ತಾರೆ ಸಾರ್?”

“ಎಲ್ಲರಿಗೂ ಒಂದೇ ಫಾರಂ ಕಣಮ್ಮ.”

“ನೀವು ಸಹಿ ಹಾಕಿದ್ರೆ ಆ ಕಾಲಂ ತೆಗೀತಾರೆ. ಇಲ್ದಿದ್ರೆ ಅವರ ಎರಡು ವರ್ಷದ ಓದು ಮಣ್ಣುಪಾಲು.”

“ಆಫೀಸಿಗೆ ಖುದ್ದಾಗಿ ಬಂದು ಅರ್ಜಿ ಕೊಡಲಿ.”

“ಮಲಾವಿಯಿಂದಾನಾ ಸಾರ್?”

“ಐದು ಗಂಟೆಯೊಳಗೆ.”

ಬಸ್ ಬಂತು. ಅವನು ಹತ್ತಿದ ಕೂಡಲೇ ಬಾಗಿಲು ಮುಚ್ಚಿ ಶಾಲಿನ ತುದಿ ಹೊರಗೆ ಸಿಕ್ಕಿಕೊಂಡಿತು. “ಬಿಡಿಸಮ್ಮ!” ಎಂದು ಕಿಟಕಿಯಿಂದ ಕೂಗಿದ.

“ಖುದ್ದಾಗಿ ಬಂದು ಅರ್ಜಿ ಕೊಡಿ ಸಾರ್” ಎಂದ ಕಾತ್ಯಾಯಿನಿ ತಿರುಗಿ ನೋಡದೆ ಹೊರಟಳು.