ಹತ್ತೂ ಮೂವತ್ತೈದರ ರಕ್ತದೊತ್ತಡ

ನಾನು, ವಯಸ್ಸು 54 ವರ್ಷ, ವೃತ್ತಿ: ಶಸ್ತ್ರಚಿಕಿತ್ಸಾ ಕೊಠಡಿಯಲ್ಲಿ ಅರಿವಳಿಕೆ ಟೆಕ್ನಿಷಿಯನ್, ವಾಸ: ಆಸ್ಪತ್ರೆಯ ಹಿಂದಿನ ಸಿಬ್ಬಂದಿ ವಸತಿಗೃಹ, ಎರಡನೇ ಮಹಡಿ, ಯಾರೂ ಕರೆಸದೆ ನಾನಾಗಿಯೇ ಠಾಣೆಗೆ ಬಂದು ಈ ಮೂಲಕ ತಿಳಿಸುವುದೇನೆಂದರೆ:

ನಮ್ಮಲ್ಲಿ ಎಂಟು ತಿಂಗಳಿಂದ ಒಂದು ಅಧ್ಯಯನ ನಡೆಯುತ್ತಿದೆ. ಸೊಂಟದ ಮೂಳೆ ಮುರಿದ ವಯಸ್ಸಾದವರಿಗೆ ಶಸ್ತ್ರಚಿಕಿತ್ಸೆಯ ವೇಳೆ ರಕ್ತದೊತ್ತಡ ಎಷ್ಟಿದ್ದರೆ ಒಳ್ಳೆಯದು ಎಂದು ತಿಳಿಯುವುದಕ್ಕೆ. ಐದೈದು ನಿಮಿಷಕ್ಕೆ ಮಾನಿಟರ್ ನೋಡಿ ಹಾಳೆಯಲ್ಲಿ ಬರೆಯುವುದು ನನ್ನ ಕೆಲಸ. ಹಾಳೆಯ ಚೌಕಗಳಲ್ಲಿ ಒಂದು ಮನೆ ಖಾಲಿ ಬಿಟ್ಟರೂ ಆ ರೋಗಿ ಲೆಕ್ಕಕ್ಕಿಲ್ಲ ಎಂದು ಅಧ್ಯಯನದ ಮುಖ್ಯಸ್ಥರು ಹೇಳಿದ್ದರು. ಆದ್ದರಿಂದ ರೋಗಿ ಸ್ಥಿರವಾಗಿದ್ದಾಗ ಮುಂದಿನ ಮೂರು ನಾಲ್ಕು ಮನೆಗಳನ್ನು ಅಂದಾಜಿನಲ್ಲಿ ತುಂಬಿಟ್ಟು, ವ್ಯತ್ಯಾಸ ಬಂದರೆ ತಿದ್ದುವುದು ನನಗೆ ರೂಢಿಯಾಗಿತ್ತು. ಕೂಸು ಹುಟ್ಟೋ ಮುಂಚೆ ಕುಲಾವಿ ಹೊಲಿಸ್ತೀಯಲ್ಲ ಅಣ್ಣಾ ಎಂದು ಹಿರಿಯ ನರ್ಸ್ ಛೇಡಿಸುತ್ತಿದ್ದರು. ನಾನು ನಕ್ಕು ಮುಂದಿನ ಮನೆ ತುಂಬುತ್ತಿದ್ದೆ.

ಈ ತಿಂಗಳ 9ರಂದು ಬೆಳಿಗ್ಗೆ 9.40ಕ್ಕೆ ಅಧ್ಯಯನಕ್ಕೆ ಸೇರಿದ್ದ 71 ವರ್ಷದ ದರ್ಜಿ ಅಜ್ಜಿಯನ್ನು ಒಳಗೆ ತಂದೆವು. ನನ್ನ ಅಂಗಿಯ ಕಾಲರ್ ನೋಡಿ, ಯಾರಪ್ಪಾ ಇದನ್ನ ಹೊಲಿದಿದ್ದು, ಕತ್ತರಿ ಹಿಡಿಯೋಕೇ ಬರಲ್ಲ ಅವನಿಗೆ ಎಂದರು. ಬೆನ್ನಿಗೆ ಚುಚ್ಚುಮದ್ದು ಕೊಟ್ಟ ಮೇಲೆ ಮಂಪರಿಗೆ ಹೋದರು. 10.20ಕ್ಕೆ ಅರಿವಳಿಕೆ ವೈದ್ಯರು, ಏನಾದ್ರೂ ಆದ್ರೆ ತಕ್ಷಣ ಕೂಗು ಎಂದು ಹೇಳಿ ಹದಿನಾಲ್ಕು ಹೆಜ್ಜೆ ಆಚೆಗಿನ ಕೊಠಡಿಗೆ ಹೋದರು.

10.25ಕ್ಕೆ ರಕ್ತದೊತ್ತಡ 122 ಇತ್ತು. ಅದನ್ನು ಬರೆದು, ಹಾಗೆಯೇ 10.45ರವರೆಗಿನ ನಾಲ್ಕು ಮನೆಗಳನ್ನೂ ಅಂದಾಜಿನ ಅಂಕಿಗಳಿಂದ ತುಂಬಿದೆ. 10.31ಕ್ಕೆ ಶಸ್ತ್ರಚಿಕಿತ್ಸಕರು ಕೃತಕ ಕೀಲನ್ನು ಅಂಟಿಸಲು ಮೂಳೆಯೊಳಗೆ ಸಿಮೆಂಟ್ ಹಾಕಿದರು. ಆ ಹೊತ್ತಿನಲ್ಲಿ ಒತ್ತಡ ಕುಸಿಯಬಹುದು ಎಂಬುದು ಇಪ್ಪತ್ತಾರು ವರ್ಷದಿಂದ ನನಗೆ ಗೊತ್ತು.

10.35ಕ್ಕೆ ಮಾನಿಟರ್ 62 ತೋರಿಸಿತು. ಹಾಳೆಯಲ್ಲಿ 118 ಇತ್ತು. ಸಹಾಯಕ ವೈದ್ಯರು ಅಜ್ಜಿಯ ತೋಳಿಗೆ ಒರಗಿರಬೇಕು, ಅಲ್ಲಿ ಕಟ್ಟಿದ್ದ ಒತ್ತಡ ಅಳೆಯುವ ಪಟ್ಟಿ ತಪ್ಪು ತೋರಿಸುತ್ತಿದೆ ಎಂದುಕೊಂಡೆ. ಪಟ್ಟಿ ಸರಿಮಾಡಿ ಮತ್ತೆ ಅಳೆದೆ. 10.37ಕ್ಕೆ ಅಂಕಿಯೇ ಬರಲಿಲ್ಲ. ಆಗ ಕೂಗಿದೆ. 10.38ಕ್ಕೆ ವೈದ್ಯರು ಓಡಿ ಬಂದು ಎದೆ ಒತ್ತಲಾರಂಭಿಸಿದರು. 11.20ಕ್ಕೆ ನಿಲ್ಲಿಸಿದರು.

11.40ಕ್ಕೆ ಮುಖ್ಯಸ್ಥರು ಖಾಲಿ ಹಾಳೆಯೊಂದನ್ನು ಕೊಟ್ಟು, ಗಾಬರೀಲಿ ತಪ್ಪು ಬರೆದಿದ್ದೀಯ, ಸರಿಯಾಗಿ ಇನ್ನೊಂದು ಬರಿ ಎಂದರು. ಒಂದೂವರೆ ಗಂಟೆ ಅದರ ಮುಂದೆ ಕುಳಿತಿದ್ದೆ. ಕೈ ಏಳಲಿಲ್ಲ. 1.15ಕ್ಕೆ ಹೊರಗೆ ಬೆಂಚಿನ ಮೇಲಿದ್ದ ಅಜ್ಜಿಯ ಮಗಳಿಗೆ ಮೊದಲಿನ ಹಾಳೆಯನ್ನೇ ತೋರಿಸಿದೆ. ನನಗೆ ಭಯವಾಗಿತ್ತು.

ಅವರು ಬೆರಳಿಟ್ಟು ಓದಿ, ಹತ್ತೂ ನಲವತ್ತೈದಕ್ಕೆ ಅಮ್ಮ ಚೆನ್ನಾಗೇ ಇದ್ರಲ್ಲ ಎಂದರು. ಇಲ್ಲ ತಾಯಿ, ಅದನ್ನ ಮೊದಲೇ ಬರೆದಿಟ್ಟಿದ್ದೆ ಎಂದೆ. ನಡೆದದ್ದನ್ನೆಲ್ಲ ಹೇಳಿದೆ. ಅವರು ಬೈಯಲಿಲ್ಲ. ಅರವತ್ತೆರಡು ಅಂತ ಮೆಷಿನ್ ಹೇಳ್ತಲ್ಲ, ಅದನ್ನ ಯಾಕೆ ನಂಬಲಿಲ್ಲ ಎಂದು ಮಾತ್ರ ಕೇಳಿದರು.

ನನ್ನ ಅಕ್ಷರವನ್ನು ನಂಬಿದೆ ಎಂದು ಹೇಳಿದೆ.

ಮೂಲ ಹಾಳೆಯನ್ನು ಹಾಜರುಪಡಿಸಿದ್ದೇನೆ. ಮೇಲಿನದನ್ನು ನನಗೆ ಓದಿ ಹೇಳಲಾಗಿದೆ. ನಾನು ಹೇಳಿದಂತೆಯೇ ಇದೆ, ಎಲ್ಲವೂ ನಿಜ, ತಿದ್ದುವುದು ಏನೂ ಇಲ್ಲ.

ಸ್ಥಳ: ಠಾಣೆ
ದಿನಾಂಕ: ಈ ತಿಂಗಳ 11, ಬೆಳಿಗ್ಗೆ 10.50
ಸಹಿ