ಅಣ್ಣ ಒಪ್ಪಿಕೊಳ್ಳಲು ಹೊರಟ ನನ್ನ ತಪ್ಪು

ಕಪಿಲ ತಂದೆ ಏಕನಾಥ, ವಯಸ್ಸು 19, ಎಂಟನೇ ತರಗತಿಗೆ ಶಾಲೆ ಬಿಟ್ಟವನು, ಪಂಕ್ಚರ್ ಅಂಗಡಿಯಲ್ಲಿ ಕೆಲಸ, ಸ್ವಂತ ಊರು ಔರಾದ ತಾಲ್ಲೂಕಿನ ಎಕಂಬಾ, ಸದ್ಯ ವಾಸ ಮೈಲೂರ, ಬೀದರ. ಯಾರೂ ಕರೆಯದೆ ನಾನಾಗಿ ಠಾಣೆಗೆ ಬಂದು ಬರೆಸುವುದೇನೆಂದರೆ,

ದಿನಾಂಕ 14-02-2025ರಂದು ಬೆಳಿಗ್ಗೆ 10-40ಕ್ಕೆ ನನ್ನ ಅಣ್ಣ ಸುಶೀಲಕುಮಾರನ ಗೂಡ್ಸ್ ಗಾಡಿಯಲ್ಲಿ ನಾವಿಬ್ಬರೂ ಭಾಲ್ಕಿಯಿಂದ ಸಾಯಗಾಂವ ಕಡೆಗೆ ಹೋಗುತ್ತಿದ್ದೆವು. ಅಣ್ಣ ಬೇಡವೆಂದರೂ ಹಠ ಮಾಡಿ ನಾನೇ ಗಾಡಿ ಓಡಿಸುತ್ತಿದ್ದೆನು. ನನಗೆ ಲೈಸೆನ್ಸ್ ಇಲ್ಲ. ಸಾಯಗಾಂವ ಇನ್ನೂ ಒಂದು ಕಿಲೋಮೀಟರ್ ಇರುವಾಗ, ಕುರಿ ಹೊಡೆದುಕೊಂಡು ರಸ್ತೆ ದಾಟುತ್ತಿದ್ದ ದತ್ತಾತ್ರಿ ಎಂಬವರಿಗೆ ಗುದ್ದಿದೆನು. ಅವರ ಎಡಗಾಲು ಮುರಿಯಿತು. ನಾನು ಸ್ಟೀರಿಂಗ್ ಹಿಡಿದು ಕುಳಿತೇ ಇದ್ದೆನು. ಅಣ್ಣ ಇಳಿದು ಅವರನ್ನು ಎತ್ತಿಕೊಂಡನು. ಪೊಲೀಸರು ಕೇಳಿದಾಗ ತಾನೇ ಓಡಿಸಿದ್ದಾಗಿ ಹೇಳಿದನು. ನಾನು ಬಾಯಿ ಬಿಡಲಿಲ್ಲ. ಕೇಸು ಅವನ ಮೇಲಾಯಿತು.

ಇಂದು ಬೆಳಿಗ್ಗೆ 11-15ಕ್ಕೆ ಭಾಲ್ಕಿ ಕೋರ್ಟಿನ ಆವರಣದಲ್ಲಿ ನಮ್ಮ ವಕೀಲರ ಗುಮಾಸ್ತ ಕಾಶೀನಾಥ ಎಂಬವರು ಅಣ್ಣನಿಗೆ, 'ಅರ್ಧಾ ಕಬೂಲ, ಪೂರಾ ಛುಟ್ಟಿ. ಜಡ್ಜ್ ಸಾಹೇಬರ ಮುಂದ ತಲಿ ಬಗ್ಗಿಸು, ಊಟದ ಹೊತ್ತಿಗಿ ಮನ್ಯಾಗಿರ್ತಿ' ಎಂದರು. ಕೋರ್ಟಿನ ಸುತ್ತ ಈ ಮಾತನ್ನು ಚಹಾದಂಗಡಿಯವರೂ ಆಡುತ್ತಾರೆ. ಸಣ್ಣ ಗುನ್ನೆ ಒಪ್ಪಿಕೊಂಡು, ಪೆಟ್ಟು ತಿಂದವರೊಂದಿಗೆ ರಾಜಿ ಮಾಡಿಕೊಂಡು, ದೊಡ್ಡ ಶಿಕ್ಷೆಯಿಂದ ಪಾರಾಗುವುದು ಎಂದು ಅದರ ಅರ್ಥ. ಮಾಡಿದವನೇ ಒಪ್ಪಿಕೊಂಡರೆ ನನ್ನ ತಕರಾರಿಲ್ಲ. ಇಲ್ಲಿ ಕಬೂಲ ಅಣ್ಣನದು, ಛುಟ್ಟಿ ನನ್ನದು. ಸರ್ಕಾರಿ ಬಸ್ ಚಾಲಕರ ಆಯ್ಕೆ ಪಟ್ಟಿಯಲ್ಲಿ ಅವನ ಹೆಸರು ಬಂದಿದೆ. ಸಣ್ಣ ಶಿಕ್ಷೆಯಾದರೂ ಆ ಕೆಲಸ ಹೋಗುತ್ತದೆ. ಇದನ್ನು ಹೇಳಿದ್ದಕ್ಕೆ ಕಾಶೀನಾಥರು, 'ಸಾಲಿ ಬಿಟ್ಟಾಂವ, ನಮಗ ಕಾನೂನ ಕಲಿಸ್ತಿ ಏನೋ?' ಎಂದು ನಕ್ಕರು. ತಾಯಿ ಅಂಜನಾಬಾಯಿ ನನ್ನ ಅಂಗಿ ಹಿಡಿದು, 'ಸುಮ್ಮಕಿರೋ, ನಿನಗ ಜೇಲ್ ಆಗ್ತದ' ಎಂದು ಅತ್ತಳು.

ಕೋಲು ಊರಿ ನಿಂತಿದ್ದ ದತ್ತಾತ್ರಿಯವರಿಗೆ ರಾಜಿ ಕಾಗದಕ್ಕೆ ಹೆಬ್ಬೆಟ್ಟು ಒತ್ತಲು ಕಾಶೀನಾಥರು ಹೇಳಿದರು. ಅವರು, 'ಇಂವ ನನಗ ಹೆತ್ತ ಮಗನಂಗ ಎತ್ಕೊಂಡಾಂವ್ರಿ. ಬಡದಾಂವ ಅಲ್ಲಿ ನಿಂತಾನ ನೋಡ್ರಿ, ಆ ಸಣ್ಣಾಂವ' ಎಂದು ನನ್ನ ಕಡೆ ಕೋಲು ತೋರಿಸಿದರು. ಕಾಶೀನಾಥರು, 'ಕಾಕಾ, ನೀವು ಒತ್ರಿ. ಉಳದದ್ದು ನಿಮಗ್ಯಾಕ?' ಎಂದರು. ನನಗೆ ಸಿಟ್ಟು ತಡೆಯಲಾಗಲಿಲ್ಲ. ಆ ಕಾಗದವನ್ನು ಕಿತ್ತುಕೊಂಡು ಹರಿದೆನು. ಅದಕ್ಕೂ ಕೇಸು ಮಾಡುವುದಿದ್ದರೆ ಮಾಡಿರಿ. ಅಲ್ಲಿಂದ ನಡೆದು 12-05ಕ್ಕೆ ಠಾಣೆಗೆ ಬಂದೆನು.

ಈ ಹೇಳಿಕೆಯನ್ನು ನನಗೆ ಓದಿ ಹೇಳಿದರು. 'ಗಾಡಿಯಲ್ಲಿ ಇದ್ದೆನು' ಎಂದು ಬರೆದಿದ್ದ ಕಡೆ ಹೊಡೆದುಹಾಕಿಸಿ, 'ಗಾಡಿ ಓಡಿಸುತ್ತಿದ್ದೆನು' ಎಂದು ಬರೆಸಿ, ಪಕ್ಕದಲ್ಲಿ ಸಹಿ ಮಾಡಿದ್ದೇನೆ. ಈಗ ಇದು ಪೂರ್ತಿ ನಿಜ.

ಸ್ಥಳ: ಭಾಲ್ಕಿ
ದಿನಾಂಕ: 10-11-2025
(ಸಹಿ) ಕಪಿಲ