ಆಡೂರಿನ ಮಾಸ್ತರರ ಪರೀಕ್ಷೆ

೧೯೪೧ರ ಒಂದು ಬೆಳಿಗ್ಗೆ ಹಾನಗಲ್ಲಿನಲ್ಲಿ ಸವಣೂರಿನ ಮೋಟಾರಿಗೆ ಕಾಯುತ್ತಿದ್ದೆ. ಪಕ್ಕದ ಕಟ್ಟೆಯ ಮೇಲೆ ಆಡೂರಿನ ಉಳವಪ್ಪ ಮಾಸ್ತರರು ಕುಳಿತಿದ್ದರು. ವಯಸ್ಸು ನಲವತ್ತು ದಾಟಿತ್ತು. ಮನೆಯ ಪಡಸಾಲೆಯಲ್ಲೇ ತಮ್ಮದೊಂದು ಗಾಂವಟಿ ಶಾಲೆ ನಡೆಸಿದವರು. ಅದೇ ಊರಿನ ಗುತ್ತೆವ್ವ ಬುಟ್ಟಿ ಇಳಿಸಿ ಮಾತಿಗೆ ನಿಂತಳು.

“ಯಾವ ಕಡೆ ಹೊಂಟೀರಿ, ಮಾಸ್ತರ?”

“ಹಾವೇರಿಗೆ. ಏಳನೇ ಇಯತ್ತೆದ ಮುಲ್ಕಿ ಪರೀಕ್ಷೆ ಐತಿ.”

“ಯಾವ ಹುಡುಗನ್ನ ಕೂಡಸ್ತೀರಿ?”

“ಕೂಡಾಂವ ನಾನ.”

ಗುತ್ತೆವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ಮಾಸ್ತರರೂ ನಕ್ಕರು.

“ಊರಿಗೆ ಸರಕಾರಿ ಬೋರ್ಡಿನ ಸಾಲಿ ಬರೂಕಿಂತ ಮೊದಲ ನನ್ನ ಕಡೆ ನಲವತ್ತು ಹುಡುಗರಿದ್ರು. ಈ ವರ್ಷ ಆರು ಮಂದಿ ಉಳದಿದ್ರು.”

“ಈಗ ಅವರು?”

“ನಿನ್ನೆ ನಾನ ಕರ್ಕೊಂಡು ಹೋಗಿ ಬೋರ್ಡಿನ ಸಾಲ್ಯಾಗ ಹೆಸರು ಹಚ್ಚಿಸಿ ಬಂದೆ.”

“ಮತ್ತ ನೀವು?”

“ಅಲ್ಲಿ ಇನ್ನೊಬ್ಬ ಮಾಸ್ತರ ಬೇಕಂತ. ಮುಲ್ಕಿ ಪಾಸಾದ್ರ ತಗೋತೇವಿ ಅಂದಾರ.”

“ಫೇಲಾದ್ರ?”

“ಹುಡುಗರ ಬಾಜೂಕ ಕುಂತು ಮತ್ತ ಕಲೀತೇನಿ.”

ಗುತ್ತೆವ್ವ ಕಟ್ಟೆಯ ಹತ್ತಿರಕ್ಕೆ ಸರಿದಳು.

“ನನ್ನ ಮಗಳು ಅಡಿವೆವ್ವನ್ನ ಆ ಸಾಲಿಗೆ ಕಳಸಾಕ ನಂಗ ಧೈರ್ಯ ಇರಲಿಲ್ಲರಿ. ಅಲ್ಲಿ ಎಲ್ಲಾರೂ ಹೊಸಬರು. ನೀವು ಇರ್ತೀರಂದ್ರ ಕಳಸ್ತೇನಿ.”

“ಖರೇನ?”

“ಖರೇನರಿ.”

ಅಷ್ಟರಲ್ಲಿ ಹಾವೇರಿಯ ಮೋಟಾರು ಬಂತು. ಮಾಸ್ತರರು ಹತ್ತಿ ಕುಳಿತವರೇ ಚೀಲದಿಂದ ಭೂಗೋಳದ ಪುಸ್ತಕ ತೆಗೆದರು.

“ಛಲೋತ್ನ್ಯಾಗ ಬರೀರಿ,” ಎಂದಳು ಗುತ್ತೆವ್ವ. “ನಾ ಇವತ್ತ ಅಡಿವೆವ್ವಗ ಬರಿಯಾಕ ಪಾಟಿ ಕೊಂಡು ಹೋಗ್ತೇನಿ.”

ಮೋಟಾರು ಹೊರಟಿತು. ಆಕೆ ಬುಟ್ಟಿ ಹೊತ್ತುಕೊಂಡು ಪೇಟೆಯ ಕಡೆ ನಡೆದಳು.